ಮಡ್ಡಿ ಖಾಲಿ ಬಿದ್ದಿದೆ ಅಂತ ಸೋಲಾರ್‌ಗೆ ಕೇಳುತ್ತಿದ್ದಾರೆ. ಏನು ಮಾಡೋಣ?

ಬೀಳಗಿ_ಮಡ್ಡಿಹೊಲ

ಎಲ್ಲರಿಗೂ ನಮಸ್ಕಾರ. ನಮ್ಮೂರು ಬೀಳಗಿ ತಾಲೂಕಿನಲ್ಲಿದೆ. ಅಪ್ಪನ ಹೆಸರಿನಲ್ಲಿ 11 ಎಕರೆ. 5 ಎಕರೆ ಎರಿ (ಕಪ್ಪು ಮಣ್ಣಿನ) ಹೊಲ, ಹಿಂಗಾರಿಗೆ ಜೋಳ, ಕಡಲೆ ಬರುತ್ತದೆ. ಉಳಿದ 6 ಎಕರೆ ಮಡ್ಡಿ. ಗರಸು ನೆಲ, ಮೊಣಕಾಲುದ್ದ ಹುಲ್ಲು, ಅಲ್ಲಲ್ಲಿ ಬಾರಿ (ಬೋರೆ) ಕಂಟಿ, ಅಷ್ಟೇ. ಅದರ ಪಕ್ಕಕ್ಕೇ ಊರ ಗಾಯರಾಣ, ಅಂದರೆ ದನಕುರಿ ಮೇಯುವ ಗೋಮಾಳ.

ಹೋದ ತಿಂಗಳು ಒಂದು ಸೋಲಾರ್ ಕಂಪನಿಯವರು ಬಂದಿದ್ದರು. ಮಡ್ಡಿಯನ್ನು 28 ವರ್ಷ ಲಾವಣಿಗೆ (ಗುತ್ತಿಗೆಗೆ) ಕೊಡಿ ಅಂತಾರೆ. ವರ್ಷಾ ವರ್ಷ ದುಡ್ಡು. ಅಕ್ಕಪಕ್ಕದ ಹೊಲದವರನ್ನೂ ಕೇಳಿದ್ದಾರೆ, ಪಂಚಾಯಿತಿಯಲ್ಲಿ ಗಾಯರಾಣದ ಮಾತೂ ತೆಗೆದಿದ್ದಾರೆ. ಅವರ ನಕ್ಷೆಯಲ್ಲಿ ಎಲ್ಲದಕ್ಕೂ ಒಂದೇ ಬಣ್ಣ, ಒಂದೇ ಹೆಸರು: ಬಂಜರು.

ಅಪ್ಪನಿಗೆ ಕೊಡುವ ಮನಸ್ಸಿದೆ. ಅದು ತಪ್ಪೂ ಅಲ್ಲ. ಆ 6 ಎಕರೆ ನಮಗೆ ಇವತ್ತಿನವರೆಗೆ ಒಂದು ಚೀಲ ಕಾಳು ಕೊಟ್ಟಿಲ್ಲ. ಆದರೆ ನಾನು ಸಣ್ಣವನಿದ್ದಾಗಿನಿಂದ ಅಲ್ಲಿ ಚಿಗರಿ ನೋಡುತ್ತಾ ಬಂದಿದ್ದೇನೆ. ಈಗಲೂ ನಸುಕಿನಲ್ಲಿ ಎರಡು ಮೂರು ಬರುತ್ತವೆ, ಯಡಹಳ್ಳಿ ಕಡೆಯಿಂದ. ಸೋಲಾರ್ ಬೇಡ ಅನ್ನುವವನು ನಾನಲ್ಲ. ಕಲ್ಲಿದ್ದಲು ಸುಡುವುದು ನಿಲ್ಲಬೇಕು ಅಂತ ನನಗೂ ಆಸೆ ಇದೆ. ಎರಡೂ ಉಳಿಯುವ ದಾರಿ ಇದೆಯಾ? ತಿಳಿದವರು ಹೇಳಿ.

ಬಾಗೇವಾಡಿ_ರೈತ

ತಮ್ಮಾ, ಕೊಟ್ಟುಬಿಡು. ಪಾವಗಡದ ಕಡೆ ನೋಡು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ರೈತರ ಜಮೀನು ಖರೀದಿ ಮಾಡಲಿಲ್ಲ, ಲಾವಣಿಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರಗಾಲದ ಊರಿನಲ್ಲಿ ಅದು ಸಣ್ಣ ದುಡ್ಡಲ್ಲ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇದೆ. ಅದಕ್ಕೆ ಕಲ್ಲಿದ್ದಲು ಎಲ್ಲಿಂದಲೋ ರೈಲಿನಲ್ಲಿ ಬರಬೇಕು. ಆ ಗಣಿ ಇರುವ ಕಡೆಯೂ ಕಾಡಿತ್ತು, ಪ್ರಾಣಿ ಇದ್ದವು, ಅಲ್ವಾ? ನಿನ್ನ ಮಡ್ಡಿಯ ಮೇಲೆ ಪ್ಯಾನೆಲ್ ಬಂದರೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಎರಡು ಮೂರು ಚಿಗರಿ ಬೇರೆ ಕಡೆ ಹೋಗುತ್ತವೆ.

ನವನಗರ_ಹಕ್ಕಿನೋಟ

ಕಾಕಾ, ಕಲ್ಲಿದ್ದಲಿನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಬೇರೆ ಕಡೆ ಅಂದರೆ ಎಲ್ಲಿಗೆ?

ಬೀಳಗಿಯ ತಮ್ಮ ಚಿಗರಿ ಅಂದದ್ದು ಚಿಂಕಾರ ಅನ್ನುವ ಹುಲ್ಲೆ ಇರಬೇಕು. ಅವಕ್ಕಾಗಿಯೇ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಮಾಡಿದರು. ಬೀಳಗಿ ಮತ್ತು ಮುಧೋಳ ತಾಲೂಕು ಸೇರಿ ಸುಮಾರು 96 ಚದರ ಕಿಲೋಮೀಟರ್. ಈ ಪ್ರಾಣಿಗೆ ದಟ್ಟ ಕಾಡು ಬೇಡ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ಬಯಲು ಬೇಕು, ಮೇಯಲು ಕುರುಚಲು ಬೇಕು. ನೀರಿಲ್ಲದೆ ಎಷ್ಟೋ ದಿನ ಬದುಕುತ್ತದೆ, ಮೇವಿನಲ್ಲಿರುವ ತೇವವೇ ಅದಕ್ಕೆ ಸಾಕಾಗುತ್ತದೆ. ಅದಕ್ಕೆ ಧಾಮದ ಗಡಿ ಗೊತ್ತಿಲ್ಲ. ಧಾಮದ ಸುತ್ತಲಿನ ಮಡ್ಡಿ, ಗಾಯರಾಣ, ಬೀಳು ಹೊಲ ಎಲ್ಲ ಸೇರಿ ಅದರ ಮನೆ. ಸುತ್ತ ತಂತಿ ಬೇಲಿ ಬಿದ್ದರೆ 96 ಚದರ ಕಿಲೋಮೀಟರ್ ಒಂದು ದೊಡ್ಡ ದೊಡ್ಡಿ ಆಗಿಬಿಡುತ್ತದೆ.

ಬಂಜರು ಅನ್ನುವ ಪದದ ಬಗ್ಗೆ ನನಗೆ ಬಹಳ ಬೇಸರ ಇದೆ. ಅದು ಕಂದಾಯದ ಮಾತು. ಬ್ರಿಟಿಷರ ಕಾಲದಲ್ಲಿ ತೆರಿಗೆ ಹುಟ್ಟದ ನೆಲವನ್ನೆಲ್ಲ ಪಾಳು ಅಂತ ಬರೆದರು. ಅದೇ ಬರಹ ಇವತ್ತಿಗೂ ನಕ್ಷೆಯಲ್ಲಿ ಉಳಿದಿದೆ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಅನ್ನುವ ಪರಿಸರ ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದ ಇಂಥ ಒಣ ಬಯಲುಗಳ ನಕ್ಷೆ ಮಾಡಿದ್ದಾರೆ. ದೇಶದ ನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಇಂಥದ್ದೇ. ತೋಳ, ನರಿ, ಕತ್ತೆಕಿರುಬ, ಚಿಂಕಾರ, ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬಂದು ಹುಲ್ಲಿನ ನಡುವೆ ನೆಲದ ಮೇಲೇ ರಾತ್ರಿ ಕಳೆಯುವ ಹ್ಯಾರಿಯರ್ ಗಿಡುಗಗಳು, ಎಲ್ಲ ಇಲ್ಲಿಯವೇ. ಹ್ಯಾರಿಯರ್ ತಿನ್ನುವುದು ಹೆಚ್ಚಾಗಿ ಮಿಡತೆ. ನಮ್ಮ ಕಡಲೆ, ಜೋಳಕ್ಕೆ ಅದು ಎಷ್ಟು ಉಪಕಾರ ಅಂತ ಬೇರೆ ಹೇಳಬೇಕಾ?

ಸೋಲಾರ್‌ಗೆ, ಗಾಳಿ ವಿದ್ಯುತ್ತಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಮೊದಲೇ ಅನುಮತಿ ತಗೊಳ್ಳುವ ನಿಯಮ ಇಲ್ಲ. ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಅಂದರೆ ಆ ಮಡ್ಡಿಯಲ್ಲಿ ಏನಿದೆ ಅಂತ ಕೇಳಲು ಯಾರೂ ಬರುವುದಿಲ್ಲ. ಊರವರೇ ಹೇಳಬೇಕು.

ರಾಮದುರ್ಗ_ಕುರಿಹಟ್ಟಿ

ನಾನು ಕುರಿಗಾರರ ಮನೆಯವನು. ಈಗ ಬೆಳಗಾವಿಯಲ್ಲಿ ಕೆಲಸ, ಆದರೆ ಅಪ್ಪ, ದೊಡ್ಡಪ್ಪ ಇನ್ನೂ ಹಟ್ಟಿ ಜೊತೆ ತಿರುಗುತ್ತಾರೆ. ಗಾಯರಾಣದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಹಿಂಡು ಹೋಗುವ ದಾರಿಯಲ್ಲಿ ಮೂರು ವರ್ಷದ ಹಿಂದೆ ಒಂದು ಸೋಲಾರ್ ಘಟಕ ಬಂತು. ಎಲ್ಲಿ, ಯಾರದು ಅಂತ ಇಲ್ಲಿ ಬೇಡ. ಒಂದೇ ವಾರದಲ್ಲಿ ಜಾಲರಿ ಬೇಲಿ ಎದ್ದಿತು. ಹಿಂಡು ಕೆರೆಗೆ ಹೋಗುತ್ತಿದ್ದ ದಾರಿ ಬೇಲಿಯ ಒಳಗೆ ಸಿಕ್ಕಿತು. ಈಗ ಸುತ್ತಿ ಹೋಗಬೇಕು, ಎರಡೂವರೆ ಕಿಲೋಮೀಟರ್ ಜಾಸ್ತಿ. ಬೇಸಿಗೆಯಲ್ಲಿ ಎಳೆಮರಿ ಜೊತೆ ಅಷ್ಟು ನಡೆಯುವುದು ಅಂದರೆ ಏನು ಅಂತ ನಡೆದವರಿಗೇ ಗೊತ್ತು. ಆ ವರ್ಷ ದೊಡ್ಡಪ್ಪ ಒಂಬತ್ತು ಮರಿ ಕಳೆದುಕೊಂಡರು. ಅವರ ಹೆಸರಿನಲ್ಲಿ ಅಲ್ಲಿ ಒಂದು ಗುಂಟೆಯೂ ಇಲ್ಲ. ಹಾಗಾಗಿ ಯಾರೂ ಅವರನ್ನು ಕೇಳಲೇ ಇಲ್ಲ. ಲಾವಣಿ ದುಡ್ಡು ಜಮೀನು ಇದ್ದವರಿಗೆ ಬರುತ್ತದೆ. ಮೇಯಿಸುವವರಿಗೆ ಏನು ಬರುತ್ತದೆ?

ಸುಗ್ಗಿ ಆದಮೇಲೆ ರೈತರೇ ನಮ್ಮನ್ನು ಕರೆದು ಹೊಲದಲ್ಲಿ ಕುರಿ ಕೂಡಿಸುತ್ತಾರೆ. ಗೊಬ್ಬರಕ್ಕೆ. ರಾತ್ರಿಗೆ ಇಷ್ಟು ಅಂತ ಕಾಳೋ ದುಡ್ಡೋ ಕೊಡುತ್ತಾರೆ. ಗಾಯರಾಣ ಹೋದರೆ ಮಳೆಗಾಲದಲ್ಲಿ ಹಿಂಡಿಗೆ ನಿಲ್ಲಲು ಜಾಗ ಇಲ್ಲ, ಏಕೆಂದರೆ ಆಗ ಎಲ್ಲ ಹೊಲದಲ್ಲೂ ಪೈರು ಇರುತ್ತದೆ. ಹಿಂಡು ಇಲ್ಲ ಅಂದರೆ ಸುಗ್ಗಿಗೆ ಗೊಬ್ಬರವೂ ಇಲ್ಲ.

ತೋಳದ ಮಾತೂ ಹೇಳುತ್ತೇನೆ. ವರ್ಷಕ್ಕೆ ಒಂದೆರಡು ಮರಿ ಅದು ಒಯ್ಯುತ್ತದೆ. ಅಪ್ಪ ಬೈಯುತ್ತಾರೆ, ಕವಣೆ ಬೀಸುತ್ತಾರೆ. ಆದರೆ ಅದರ ಗವಿಗೆ ಹೊಗೆ ಹಾಕಲು ಯಾರನ್ನೂ ಬಿಟ್ಟಿಲ್ಲ. ಅದರ ಪಾಲು ಅದು ತಿಂತು ಅಂತಾರೆ.

ಬಾಗೇವಾಡಿ_ರೈತ

ಕುರಿಯ ಮಾತು ನನಗೆ ಹೊಳೆದಿರಲಿಲ್ಲ. ಗಾಯರಾಣ ಬಿಡಲಿ, ಸರಿ. ಆದರೆ ಸ್ವಂತ ಜಮೀನು ಬೇರೆ. ಹುಲ್ಲು ನೋಡಿಕೊಂಡು ಇವರ ಅಪ್ಪ ಸಾಲ ಹೇಗೆ ತೀರಿಸಬೇಕು? ಅದಕ್ಕೆ ಉತ್ತರ ಕೊಡಿ.

ಕಂದಾಯ_ನಿವೃತ್ತ

ಗಾಯರಾಣದ ಬಗ್ಗೆ ಒಂದು ಸ್ಪಷ್ಟ ಮಾತು. ಅದನ್ನು ಕೊಡುವುದು ಪಂಚಾಯಿತಿಯ ಕೈಯಲ್ಲಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ದನಕರುಗಳಿಗೆ ಮೀಸಲಿಟ್ಟ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯ ಮಂಜೂರಾತಿ ಬೇಕು. ಊರ ಸಾಮೂಹಿಕ ಜಮೀನು ಊರಿಗೇ ಉಳಿಯಬೇಕು ಅಂತ ಸುಪ್ರೀಂ ಕೋರ್ಟ್ ಕೂಡ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗಟ್ಟಿಯಾಗಿ ಹೇಳಿದೆ. ಗ್ರಾಮಸಭೆಯಲ್ಲಿ ಠರಾವು (ನಿರ್ಣಯ) ಮಾಡಿಸಿ, ಅದರ ನಕಲು ಇಟ್ಟುಕೊಳ್ಳಿ. ಬಾಯಿ ಮಾತು ಕಡತಕ್ಕೆ ಸೇರುವುದಿಲ್ಲ.

ಜೀವವೈವಿಧ್ಯ ಕಾಯ್ದೆ 2002ರ ಅಡಿ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೀವವೈವಿಧ್ಯ ದಾಖಲಾತಿ ಪುಸ್ತಕವೂ ಇರಬೇಕು. ನಿಮ್ಮ ಊರಿನ ಪುಸ್ತಕ ತೆಗೆಸಿ ನೋಡಿ. ಅದರಲ್ಲಿ ಚಿಂಕಾರದ ಹೆಸರು ಇಲ್ಲದಿದ್ದರೆ ಸೇರಿಸಲು ಬರೆದುಕೊಡಿ.

ಇಂಡಿ_ಫ್ಯಾನ್_ಟೆಕ್ನಿಷಿಯನ್

ನಾನು ಗಾಳಿ ಫ್ಯಾನ್‌ಗಳ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಈ ಕೆಲಸ ನನಗೆ ಇಷ್ಟ. ಮೇಲೆ ಹತ್ತಿ ನಿಂತರೆ ಭೀಮಾ ತೀರದ ತನಕ ಕಾಣುತ್ತದೆ. ಹೊಗೆ ಇಲ್ಲದೆ ಕರೆಂಟ್ ಹುಟ್ಟುವುದನ್ನು ನೋಡಿದಾಗ ಹೆಮ್ಮೆ ಆಗುತ್ತದೆ. ಆದರೆ ಫ್ಯಾನ್ ಕೆಳಗೆ ಹಕ್ಕಿ ಬಿದ್ದದ್ದನ್ನೂ ನೋಡಿದ್ದೇನೆ. ನಾಲ್ಕು ವರ್ಷದಲ್ಲಿ ಹದ್ದುಗಳು, ಒಂದು ದೊಡ್ಡ ಗಿಡುಗ, ಬಾವಲಿಗಳು. ದಿನದ ವರದಿಯಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ. ಎಣ್ಣೆ ಸೋರಿದರೆ ಬರೆಯಬೇಕು, ಬೋಲ್ಟ್ ಸಡಿಲ ಆದರೆ ಬರೆಯಬೇಕು. ಹಕ್ಕಿ ಸತ್ತರೆ ಇಲ್ಲ. ಬೆಳಗಾಗುವುದರೊಳಗೆ ನಾಯಿ, ನರಿ ಎಳೆದೊಯ್ಯುತ್ತವೆ. ಹಾಗಾಗಿ ಯಾರಾದರೂ ತಿಂಗಳಿಗೊಮ್ಮೆ ಬಂದು ಎಣಿಸಿದರೆ ಲೆಕ್ಕ ಕಡಿಮೆಯೇ ಸಿಗುತ್ತದೆ.

ಏನು ಮಾಡಬಹುದು ಅಂದರೆ, ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಮೂರು ರೆಕ್ಕೆಯಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರು. ಹಕ್ಕಿಗಳ ಸಾವು ಸುಮಾರು ಶೇ 70ರಷ್ಟು ಇಳಿಯಿತು ಅಂತ 2020ರಲ್ಲಿ ವರದಿ ಬಂತು. ನಾಲ್ಕೇ ಯಂತ್ರದ ಮೇಲೆ ಮಾಡಿದ ಪ್ರಯೋಗ ಅದು, ನಮ್ಮ ಬಿಸಿಲಿಗೆ, ನಮ್ಮ ಹಕ್ಕಿಗಳಿಗೆ ಹೊಂದುತ್ತದಾ ಅಂತ ಇಲ್ಲೇ ನೋಡಬೇಕು. ಇನ್ನೊಂದು, ಹಳೆಯ ಸಣ್ಣ ಯಂತ್ರ ತೆಗೆದು ಅದೇ ಜಾಗದಲ್ಲಿ ದೊಡ್ಡದು ಹಾಕುವುದು. ರಸ್ತೆ, ಲೈನು ಮೊದಲೇ ಇರುತ್ತದೆ. ಹೊಸ ಗುಡ್ಡ ಅಗೆಯುವುದು ಆದಷ್ಟು ತಪ್ಪುತ್ತದೆ. ಫ್ಯಾನ್‌ಗಿಂತ ಅದಕ್ಕೆ ಮಾಡುವ ರಸ್ತೆಯಿಂದಲೇ ಗುಡ್ಡಕ್ಕೆ ಜಾಸ್ತಿ ಪೆಟ್ಟು, ಇದು ನಾನು ಕಣ್ಣಾರೆ ಕಂಡದ್ದು.

ನವನಗರ_ಹಕ್ಕಿನೋಟ

ಅಣ್ಣಾ, ನೀವು ಬರೆದದ್ದು ಬಹಳ ಬೆಲೆ ಉಳ್ಳದ್ದು. ದಯವಿಟ್ಟು ಫೋಟೊ, ತಾರೀಖು, ಯಂತ್ರದ ನಂಬರ್ ಬರೆದಿಡಿ.

ಇದಕ್ಕೆ ಸೇರಿಸಿ ಒಂದು ಮಾತು. ಸಾತಾರಾ ಹತ್ತಿರದ ಚಾಳ್ಕೆವಾಡಿ ಬಯಲಿನಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಜೊತೆಯವರು ಅಧ್ಯಯನ ಮಾಡಿದ್ದಾರೆ. 2018ರಲ್ಲಿ ಪ್ರಕಟವಾಯಿತು. ಫ್ಯಾನ್ ಇರುವ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಹಿಡಿದು ತಿನ್ನುವ ಹಕ್ಕಿ ಇಲ್ಲದ್ದಕ್ಕೆ ನೆಲದ ಓತಿಕ್ಯಾತಗಳ ಸಂಖ್ಯೆ ಏರಿತು. ಅವುಗಳ ಹೆದರಿಕೆ ಕಡಿಮೆ ಆಯಿತು, ಮೈಯೂ ಸೊರಗಿತು. ಅಂದರೆ ಸತ್ತ ಹಕ್ಕಿ ಎಣಿಸಿದರೆ ಮಾತ್ರ ಸಾಲದು. ಬಾರದೇ ಹೋದ ಹಕ್ಕಿಯ ಲೆಕ್ಕವೂ ಇದೆ.

ತಂತಿಯದ್ದು ಇನ್ನೊಂದು ಕಥೆ. ಎರೆಭೂತ ಅಂತ ನಮ್ಮ ಹಿರಿಯರು ಕರೆಯುತ್ತಿದ್ದ ದೊಡ್ಡ ಹಕ್ಕಿ, ಹೆಬ್ಬಕ. ಗಂಡು 15 ಕಿಲೋ ತನಕ ತೂಗುತ್ತದೆ. ಅದಕ್ಕೆ ಮುಂದಿನದ್ದು ಸರಿಯಾಗಿ ಕಾಣುವುದಿಲ್ಲ, ಕಂಡರೂ ತಟ್ಟನೆ ತಿರುಗಲು ಆಗುವುದಿಲ್ಲ. ಹೈಟೆನ್ಷನ್ ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನ ಹಕ್ಕಿಗಳಿಗಾಗಿ ಸುಪ್ರೀಂ ಕೋರ್ಟ್ 2021ರಲ್ಲಿ ತಂತಿಗಳನ್ನು ನೆಲದಡಿ ಹಾಕಿ ಅಂದಿತು. 2024ರ ಮಾರ್ಚ್‌ನಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿ ಮಾಡಿತು. ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಕೂಡ ಜನರ ಹಕ್ಕು ಅಂತಲೂ ಅದೇ ತೀರ್ಪಿನಲ್ಲಿದೆ. ನಮ್ಮ ರಾಜ್ಯದಲ್ಲಿ ಆ ಹಕ್ಕಿ ಈಗ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಹೆಸರಿನಲ್ಲೇ ಎರೆ ಇದೆ, ನಮ್ಮ ಎರೆ ಹೊಲದಲ್ಲಿ ಇಲ್ಲ.

ಖಾನಾಪುರ_ಅಕ್ಕೋರು

ಬಾವಲಿಯ ಮಾತು ಬಂದದ್ದು ಒಳ್ಳೆಯದಾಯಿತು. ಯಾರೂ ಅದರ ಪರ ಮಾತಾಡುವುದಿಲ್ಲ. ನಮ್ಮ ಭೀಮಗಡ ಅಭಯಾರಣ್ಯದ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿ ಇದೆ. ಎಷ್ಟೋ ದಶಕ ಅದು ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆ ಅಂತಲೇ ನಂಬಿದ್ದರು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿತು. ಗಾಳಿ ಕಡಿಮೆ ಇರುವ ರಾತ್ರಿ ಬಾವಲಿಗಳು ಜಾಸ್ತಿ ಹಾರುತ್ತವೆ. ಅಂಥ ಹೊತ್ತಿನಲ್ಲಿ, ಗಾಳಿ ಸೆಕೆಂಡಿಗೆ 5 ಮೀಟರ್ ದಾಟುವವರೆಗೆ ಫ್ಯಾನ್ ತಿರುಗಿಸದೆ ಬಿಟ್ಟರೆ ಸಾವು ಅರ್ಧದಷ್ಟಾದರೂ ಇಳಿಯುತ್ತದೆ ಅಂತ ಹೊರದೇಶಗಳ ಪ್ರಯೋಗಗಳು ಹೇಳುತ್ತವೆ. ಅಷ್ಟು ಕಡಿಮೆ ಗಾಳಿಯಲ್ಲಿ ಹುಟ್ಟುವ ಕರೆಂಟೂ ಅಷ್ಟಕ್ಕಷ್ಟೇ. ನಷ್ಟ ದೊಡ್ಡದಲ್ಲ, ಮನಸ್ಸು ಬೇಕು.

ವಿಜಯಪುರ_ಹಸಿರು

ನಾನು ಒಂದು ಸಲಹೆ ಕೊಡುತ್ತೇನೆ. ಕೋಟಿ ವೃಕ್ಷ ಅಭಿಯಾನದಲ್ಲಿ ನಾವೆಲ್ಲ ಗಿಡ ನೆಟ್ಟವರು. ನಮ್ಮ ಬಿಸಿಲೂರಿನಲ್ಲಿ ರಸ್ತೆ ಬದಿ, ಶಾಲೆ ಅಂಗಳದಲ್ಲಿ ನೆರಳು ಕಂಡಾಗ ಕಣ್ಣು ತುಂಬುತ್ತದೆ. ಸೋಲಾರ್ ಕಂಪನಿ ಎಷ್ಟು ಎಕರೆ ತಗೊಳ್ಳುತ್ತದೋ ಅಷ್ಟು ಎಕರೆ ಗಾಯರಾಣದಲ್ಲಿ ಗಿಡ ನೆಟ್ಟು ಬೆಳೆಸಲಿ ಅಂತ ಷರತ್ತು ಹಾಕಿ. ಪ್ರಾಣಿಗಳಿಗೂ ಕಾಡು ಸಿಗುತ್ತದೆ.

ನವನಗರ_ಹಕ್ಕಿನೋಟ

ಅಕ್ಕಾ, ನಿಮ್ಮ ಶ್ರಮಕ್ಕೆ ಕೈಮುಗಿಯುತ್ತೇನೆ. ಊರಿಗೆ ನೆರಳು ಬೇಕೇ ಬೇಕು. ಆದರೆ ಹುಲ್ಲುಗಾವಲಿನ ಮೇಲೆ ಮಾತ್ರ ನೆಡಬೇಡಿ. ಗಾಯರಾಣಕ್ಕೆ ಅದರಿಂದ ಎರಡನೇ ಪೆಟ್ಟು ಬೀಳುತ್ತದೆ. ನೀಲಗಿರಿ, ಅಕೇಶಿಯಾ ಸಾಲು ಹಚ್ಚಿದರೆ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಚಿಂಕಾರ ಅಲ್ಲಿ ನಿಲ್ಲುವುದಿಲ್ಲ, ಹ್ಯಾರಿಯರ್ ಇಳಿಯುವುದಿಲ್ಲ, ಕುರಿಗೂ ಮೇವಿಲ್ಲ.

ಮಡ್ಡಿಯನ್ನು ಮತ್ತೆ ಚೆನ್ನಾಗಿ ಮಾಡುವುದು ಅಂದರೆ ಬೇರೆ ಕೆಲಸ. ಬಳ್ಳಾರಿ ಜಾಲಿಯನ್ನು ಬೇರು ಸಮೇತ ತೆಗೆಯಬೇಕು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಜಾಲಿ ಹೋದ ಕಡೆ ಒಂದೆರಡು ಮಳೆಗಾಲ ಮೇಯಿಸದೆ ಬಿಟ್ಟು, ನಮ್ಮದೇ ಹುಲ್ಲಿನ ಬೀಜ ಚೆಲ್ಲಬೇಕು. ಬಾರಿ, ಕವಳಿ ಕಂಟಿಗಳನ್ನು ಹಾಗೇ ಉಳಿಸಬೇಕು. ಫೋಟೊದಲ್ಲಿ ಇದು ಹಸಿರಾಗಿ ಕಾಣುವುದಿಲ್ಲ. ಎಂಟು ತಿಂಗಳು ಒಣಗಿಯೇ ಇರುತ್ತದೆ. ಇದು ಒಣಗಿದ್ದರೂ ಜೀವಂತ ಇರುವ ನೆಲ.

ವಿಜಯಪುರ_ಹಸಿರು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾವು ಹೋದ ವರ್ಷ ಒಂದು ಗಾಯರಾಣದಲ್ಲಿ ಗುಂಡಿ ತೋಡಿದ್ದೆವು. ಗುಂಡಿ ತೋಡುವಾಗ ನೆಲದ ಮೇಲೆ ಮೊಟ್ಟೆ ಸಿಕ್ಕಿದ್ದವು, ಯಾವ ಹಕ್ಕಿಯದು ಅಂತ ಗೊತ್ತಾಗಲಿಲ್ಲ. ಪಕ್ಕಕ್ಕೆ ಸರಿಸಿ ಇಟ್ಟೆವು. ಮುಂದಿನ ಸಲ ನೆಡುವ ಮೊದಲು ನಿಮ್ಮನ್ನು ಜಾಗಕ್ಕೆ ಕರೆಯುತ್ತೇನೆ, ಬರಬೇಕು.

ಜಮಖಂಡಿ_ಕಬ್ಬು

ಎಲ್ಲರೂ ಮಡ್ಡಿ ಮಡ್ಡಿ ಅಂತಿದ್ದೀರಿ. ನಿಜವಾಗಿ ಬಂಜರಾದ ಜಮೀನು ಎಲ್ಲಿದೆ ಅಂತ ನಾನು ತೋರಿಸುತ್ತೇನೆ. ಕೃಷ್ಣಾ, ಘಟಪ್ರಭಾ ನೀರು ಹಾಯುವ ಕಡೆ ಬನ್ನಿ. ಜಮಖಂಡಿ, ಮುಧೋಳ, ಗೋಕಾಕ ಕಡೆ ಸವಳು ಜವಳು ಆದ ಹೊಲ ನೋಡಿ. ನನ್ನದೇ 4 ಎಕರೆ ಇದೆ. ಮೂವತ್ತು ವರ್ಷ ಕಬ್ಬಿಗೆ ನೀರು ನಿಲ್ಲಿಸಿ ನಿಲ್ಲಿಸಿ ನಾವೇ ಕೆಡಿಸಿದೆವು. ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಉಪ್ಪು. ಕರಕಿಯೂ ಬೆಳೆಯುವುದಿಲ್ಲ. ಆದರೆ ಪಹಣಿಯಲ್ಲಿ ಅದು ಬಾಗಾಯ್ತು, ಒಳ್ಳೆಯ ಜಮೀನು. ಜೀವ ಇರುವ ಮಡ್ಡಿಗೆ ಬಂಜರು ಅಂತ ಹೆಸರು. ಸತ್ತ ಹೊಲಕ್ಕೆ ಬಾಗಾಯ್ತು ಅಂತ ಹೆಸರು. ಸೋಲಾರ್ ಇಲ್ಲಿಗೆ ಬರಲಿ, ನಾನೇ ಕೊಡುತ್ತೇನೆ.

ಕಾಲುವೆ_ಎಂಜಿನಿಯರ್

ಜಮಖಂಡಿ ಅಣ್ಣಾವ್ರೇ, ಬಹಳ ಒಳ್ಳೆಯ ಮಾತು. ತೊಡಕು ಎರಡಿವೆ. ಜವಳು ನೆಲ ಮೆತ್ತಗೆ, ಕಂಬ ಆಳಕ್ಕೆ ಇಳಿಸಬೇಕು. ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಲೇಪನಕ್ಕೆ ಖರ್ಚು ಬರುತ್ತದೆ. ಅದಕ್ಕೇ ಕಂಪನಿಗಳು ಮಡ್ಡಿ ಕೇಳುತ್ತವೆ. ಗಟ್ಟಿ ನೆಲ, ಒಟ್ಟಿಗೆ ನೂರಾರು ಎಕರೆ, ಕಡಿಮೆ ಬಾಡಿಗೆ. ಆದರೆ ಸವಳು ಹೊಲದ ಹತ್ತಿರ ಪಂಪ್‌ಸೆಟ್ ಜಾಸ್ತಿ, ಸಬ್‌ಸ್ಟೇಷನ್ ಹತ್ತಿರ. ಕುಸುಮ್ ಯೋಜನೆಯ ಸಿ ಭಾಗ ಇರುವುದೇ ಇಂಥದ್ದಕ್ಕೆ: ಸಬ್‌ಸ್ಟೇಷನ್ ಪಕ್ಕ ಸಣ್ಣ ಸೋಲಾರ್, ಅದೇ ಫೀಡರ್‌ನ ಪಂಪ್‌ಸೆಟ್‌ಗೆ ಹಗಲು ಕರೆಂಟ್. ರಾತ್ರಿ ಹಾವು ಚೇಳಿನ ನಡುವೆ ನೀರು ಹಾಯಿಸುವುದು ತಪ್ಪುತ್ತದೆ. ದೂರದ ಹೈಟೆನ್ಷನ್ ಲೈನೂ ಬೇಡ.

ಕಾಲುವೆ ಮೇಲೆ ಪ್ಯಾನೆಲ್ ಅನ್ನುವುದೂ ಆಗುವ ಮಾತೇ. ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲಿ 2012ರಲ್ಲೇ ನರ್ಮದಾ ಕಾಲುವೆಯ ಮೇಲೆ 1 ಮೆಗಾವಾಟ್ ಹಾಕಿದರು. ಆಲಮಟ್ಟಿ ಕಾಲುವೆಗಳ ಉದ್ದ ನಮಗೆ ಇದೆ. ಖರ್ಚು ಜಾಸ್ತಿ, ಹೂಳು ತೆಗೆಯಲು ಕಷ್ಟ, ಅದನ್ನೂ ಹೇಳಿಬಿಡುತ್ತೇನೆ.

ಮನೆ ಚಾವಣಿಯ ಲೆಕ್ಕ ಹೇಳುತ್ತೇನೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಸಾವಿರ ಮನೆಗೆ ಹಾಕಿದರೆ 3 ಮೆಗಾವಾಟ್. ನೆಲದ ಮೇಲೆ ಅಷ್ಟಕ್ಕೆ 12ರಿಂದ 15 ಎಕರೆ ಬೇಕು. ಅಷ್ಟು ಮಡ್ಡಿ ಉಳಿಯಿತು. ಚಾವಣಿ ಒಂದರಿಂದಲೇ ಕೂಡಗಿಯನ್ನು ನಿಲ್ಲಿಸಲು ಆಗುವುದಿಲ್ಲ. ದೊಡ್ಡ ಘಟಕ ಬೇಕು, ಎಲ್ಲಿ ಅನ್ನುವುದೇ ಪ್ರಶ್ನೆ.

ಹೆರಕಲ್_ಮೀನುಗಾರ

ನೀರಿನ ಮೇಲೆ ತೇಲುವ ಸೋಲಾರ್ ಅಂತ ಯಾರಾದರೂ ಹೇಳುವ ಮೊದಲು ನಾನೇ ಹೇಳುತ್ತೇನೆ. ಆಲಮಟ್ಟಿ ಹಿನ್ನೀರಿನ ತೆಳು ನೀರಿಗೆ ರಾಜಹಂಸ ಬರುತ್ತವೆ, ನಮ್ಮ ಬಲೆಯೂ ಅಲ್ಲೇ. ಅಣೆಕಟ್ಟೆ ಹತ್ತಿರದ ಆಳದ ನೀರು ಬೇರೆ, ಈ ತೆಳು ನೀರು ಬೇರೆ. ಒಮ್ಮೆ ಊರು ಮುಳುಗಿದ್ದು ಸಾಕು.

ಬೀಳಗಿ_ಮಡ್ಡಿಹೊಲ

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಅಪ್ಪನಿಗೆ ಎರಡು ಸಂಜೆ ಓದಿ ಹೇಳಿದೆ. ಬಾಗೇವಾಡಿ ಕಾಕಾ ಕೇಳಿದ ಸಾಲದ ಪ್ರಶ್ನೆ ಬಂದಾಗ ಅಪ್ಪ ತಲೆ ಆಡಿಸಿದರು. ಅದು ನಮ್ಮ ಮನೆಯಲ್ಲಿ ಇನ್ನೂ ಇರುವ ಪ್ರಶ್ನೆ.

ಹೋದ ಗುರುವಾರ ಗ್ರಾಮಸಭೆ ಆಯಿತು. ಗಾಯರಾಣ ಕೊಡಬಾರದು ಅಂತ ಠರಾವು ಬರೆಸಿದೆವು. ನಕಲು ನನ್ನ ಹತ್ತಿರ ಇದೆ. ಜೀವವೈವಿಧ್ಯ ದಾಖಲಾತಿ ಪುಸ್ತಕ ಹುಡುಕಿ ತೆಗೆದೆವು. ಮಾವು, ಬೇವು, ನವಿಲು ಇತ್ತು. ಚಿಂಕಾರ, ತೋಳ ಇರಲಿಲ್ಲ. ಸೇರಿಸಲು ಅರ್ಜಿ ಕೊಟ್ಟೆ, ನಮ್ಮೂರ ಕುರಿಗಾರ ಹಿರಿಯರು ಇಬ್ಬರು ಹೆಬ್ಬೆಟ್ಟು ಒತ್ತಿದರು.

ನಮ್ಮ 6 ಎಕರೆಯ ತೀರ್ಮಾನ ಜೋಳ ಕೊಯ್ದ ಮೇಲೆ ಅಂತ ಅಪ್ಪ ಹೇಳಿದ್ದಾರೆ. ಕೊಡುವುದೇ ಆದರೆ ಕರಾರಿನಲ್ಲಿ ಇಷ್ಟು ಬೇಕು ಅಂತ ಕಂಪನಿಗೆ ಬರೆದುಕೊಟ್ಟಿದ್ದೇವೆ. ಜೆಸಿಬಿ ಹಚ್ಚಿ ನೆಲ ಸಮ ಮಾಡಬಾರದು, ಹುಲ್ಲು ಉಳಿಯಬೇಕು. ಬೇಲಿಯ ಕೆಳಗೆ ಗೇಣು ಜಾಗ ಬಿಡಬೇಕು, ಮೊಲ, ಮುಂಗುಸಿ ನುಸುಳಲಿ. ಪ್ಯಾನೆಲ್ ನಡುವೆ ಕುರಿ ಮೇಯಲು ಬಿಡಬೇಕು. 28 ವರ್ಷ ಆದಮೇಲೆ ಪ್ಯಾನೆಲ್ ಕಿತ್ತು ಒಯ್ಯುವ ಖರ್ಚನ್ನು ಈಗಲೇ ಠೇವಣಿ ಇಡಬೇಕು. ಯಡಹಳ್ಳಿ ಕಡೆಯ ಅಂಚಿನಲ್ಲಿ ಬೇಲಿಯೇ ಬೇಡ, ಚಿಂಕಾರ ಓಡಾಡುವ ಪಟ್ಟಿ ಬಿಡಬೇಕು. ಮೊದಲ ಎರಡಕ್ಕೆ ಹೂಂ ಅಂದಿದ್ದಾರೆ. ಠೇವಣಿಗೆ ಒಪ್ಪಿಲ್ಲ. ಪಟ್ಟಿಯ ಬಗ್ಗೆ ಮೇಲಿನವರನ್ನು ಕೇಳುತ್ತೇವೆ ಅಂದರು.

ಜಮಖಂಡಿ ಅಣ್ಣಾವ್ರೇ, ನಿಮ್ಮ ಸವಳು ಹೊಲದ ವಿಷಯ ಕಂಪನಿಯ ಎಂಜಿನಿಯರ್‌ಗೆ ಹೇಳಿದೆ. ಮಣ್ಣು ಪರೀಕ್ಷೆಗೆ ಬರಲು ಅಡ್ಡಿ ಇಲ್ಲ, ಆದರೆ 4 ಎಕರೆ ಸಾಲದು, ಅಕ್ಕಪಕ್ಕದವರೂ ಸೇರಿ 25 ಎಕರೆ ಆಗಬೇಕು ಅಂದರು.

ರಾಮದುರ್ಗದ ಅಣ್ಣಾ, ಕೆರೆಗೆ ಹೋಗುವ ಕುರಿ ದಾರಿ 30 ಅಡಿ ಬಿಡುತ್ತೇವೆ ಅಂತಿದ್ದಾರೆ. ಸಾಕಾ?

ಜಮಖಂಡಿ_ಕಬ್ಬು

ನನ್ನ ಸುತ್ತಲೇ ಸವಳು ಆದವರು ಹತ್ತಾರು ಮಂದಿ ಇದ್ದಾರೆ. 25 ಎಕರೆ ಕೂಡಿಸುವುದು ನನಗೆ ಬಿಡು. ಭಾನುವಾರ ಎಲ್ಲರನ್ನೂ ಕೂಡಿಸಿ ಮಾತಾಡುತ್ತೇನೆ.

ರಾಮದುರ್ಗ_ಕುರಿಹಟ್ಟಿ

ಸಾಲದು ತಮ್ಮಾ. ಅಪ್ಪನನ್ನು ಫೋನಿನಲ್ಲಿ ಕೇಳಿದೆ. ಎರಡು ಹಿಂಡು ಎದುರಾಬದುರಾ ಬಂದರೆ 30 ಅಡಿಯಲ್ಲಿ ಕಲಸಿಹೋಗುತ್ತವೆ, ಬೇರೆ ಮಾಡಲು ಅರ್ಧ ದಿನ ಬೇಕು. 60 ಕೇಳು. ದಾರಿ ನೇರ ಇರಲಿ, ಮೂಲೆ ತಿರುವು ಬೇಡ, ತಿರುವಿನಲ್ಲೇ ತೋಳ ಕಾಯುತ್ತದೆ. ಬೇಲಿಗೆ ಮುಳ್ಳುತಂತಿ ಹಾಕಿದರೆ ಉಣ್ಣೆ ಸಿಕ್ಕಿಕೊಳ್ಳುತ್ತದೆ, ಸಾದಾ ತಂತಿ ಹಾಕಲು ಹೇಳು. ಅಳತೆ ಮಾಡುವ ದಿನ ತಿಳಿಸು. ಅಪ್ಪ ಆಗ ಬೀಳಗಿ ಕಡೆಯೇ ಇರುತ್ತಾರೆ, ಬಂದು ನಿಂತು ತೋರಿಸುತ್ತಾರಂತೆ.